ಅಮ್ಮನ ವೋಟು ಮೂರನೇ ಮಹಡಿಗೆ ಬಂದದ್ದು

2024ರ ಮೇ 20, ಸೋಮವಾರ. ಮುಂಬೈಯಲ್ಲಿ ಲೋಕಸಭೆಗೆ ವೋಟಿಂಗ್. ನಾವಿರುವುದು ಗೋರೆಗಾಂವ್ ಪಶ್ಚಿಮದ ಒಂದು ಹಳೆ ಸೊಸೈಟಿಯಲ್ಲಿ, ಮೂರನೇ ಮಹಡಿ, ಲಿಫ್ಟ್ ಇಲ್ಲ. ಅಮ್ಮನಿಗೆ ಆಗ 87. ಬೆಳಿಗ್ಗೆ ಆರಕ್ಕೇ ಎದ್ದು ಸ್ನಾನ ಮಾಡಿ, ಇಸ್ತ್ರಿ ಮಾಡಿಟ್ಟಿದ್ದ ಕಾಟನ್ ಸೀರೆ ಉಟ್ಟು, ವೋಟರ್ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬಾಗಿಲ ಹತ್ತಿರ ಕೂತಿದ್ದರು. ತಮ್ಮ ಒಂದು ಕೈ ಹಿಡಿದ, ನಾನು ಇನ್ನೊಂದು. ಎರಡನೇ ಮಹಡಿ ಮುಟ್ಟುವಷ್ಟರಲ್ಲಿ ಮಂಡಿ ಕೈಕೊಟ್ಟಿತು. ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋಗ್ತೇವೆ ಅಂತ ತಮ್ಮ ಹೇಳಿದ. ಅಮ್ಮ ಒಪ್ಪಲಿಲ್ಲ. 'ಮೂಟೆ ಹೊತ್ತ ಹಾಗೆ ಹೊತ್ಕೊಂಡು ಹೋಗೂದ್ ಬೇಡ' ಅಂದರು. ಅರ್ಧ ಗಂಟೆ ಅಲ್ಲೇ ಕೂತು, ನಿಧಾನಕ್ಕೆ ಮೇಲೆ ಹತ್ತಿಸಿಕೊಂಡು ಬಂದೆವು. ಸೀರೆ ಬದಲಿಸಲೂ ಇಲ್ಲ, ಹಾಗೆಯೇ ಮಲಗಿಬಿಟ್ಟರು.

ಮಧ್ಯಾಹ್ನ ಎದ್ದವರೇ ಕೇಳಿದ್ದು ಒಂದೇ ಮಾತು. 'ಕೆಳಗಿನ ಮನೆ ಆಜಿಗೆ ವೋಟು ಮನೆಗೇ ಬಂತಲ್ಲ, ನಂಗೆ ಎಂತಕ್ಕೆ ಬರ್ಲಿಲ್ಲ?'

ಹೌದು. ನಮ್ಮ ಕೆಳಗಿನ ಮನೆಯ ಮರಾಠಿ ಆಜಿಗೆ 86. ಅದಕ್ಕೂ ವಾರದ ಹಿಂದೆ ಚುನಾವಣಾ ಸಿಬ್ಬಂದಿ ಅವರ ಮನೆಗೇ ಬಂದು ವೋಟು ತೆಗೆದುಕೊಂಡು ಹೋಗಿದ್ದರು. ಅದು ಬರೀ ಅವರಿಗೆ ಸಿಕ್ಕಿದ ಸೌಲಭ್ಯ ಏನೋ ಅಂದುಕೊಂಡು ನಾನು ಸುಮ್ನೆ ಇದ್ದುಬಿಟ್ಟಿದ್ದೆ. ಅಮ್ಮನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತೇ ಹುಡುಕಲು ಕೂತೆ. ನಾನು ಇದನ್ನು ಬರೆಯುತ್ತಿರುವುದೂ ಅದಕ್ಕೇ. ಮನೆಯಲ್ಲಿ ತುಂಬ ವಯಸ್ಸಾದವರು ಇದ್ದರೆ ಈ ಕೆಲಸ ಚುನಾವಣೆ ಬಂದಾಗ ಶುರು ಮಾಡುವಂಥದ್ದಲ್ಲ, ತಿಂಗಳುಗಟ್ಟಲೆ ಮೊದಲೇ ಮಾಡಿಟ್ಟುಕೊಳ್ಳಬೇಕು.

ಮೊದಲು ನಿಯಮ ಹೇಳಿಬಿಡುತ್ತೇನೆ. 85 ದಾಟಿದವರಿಗೆ, ಮತ್ತೆ ಶೇಕಡಾ 40ಕ್ಕಿಂತ ಕಡಿಮೆ ಇಲ್ಲದ ಅಂಗವೈಕಲ್ಯ ಇರುವವರಿಗೆ, ಮತಗಟ್ಟೆಗೆ ಹೋಗದೆ ಮನೆಯಲ್ಲೇ ಅಂಚೆ ಮತಪತ್ರದಲ್ಲಿ ವೋಟು ಹಾಕುವ ಅವಕಾಶ ಇದೆ. ಕಾನೂನಿನಲ್ಲಿ ಇವರನ್ನು 'ಗೈರುಹಾಜರಿ ಮತದಾರರು' ಅನ್ನುತ್ತಾರೆ. ಮುಂಬೈಯಲ್ಲಿ ಗೃಹ ಮತದಾನ ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ. 2019ರಲ್ಲಿ ನಿಯಮ ಬಂದಾಗ ವಯಸ್ಸು 80 ಅಂತ ಇತ್ತು, 2024ರ ಮಾರ್ಚಿನಲ್ಲಿ ಅದನ್ನು 85 ಮಾಡಿದರು. ದೇಶ ಪೂರ್ತಿ ಲೋಕಸಭೆ ಚುನಾವಣೆಗೆ ಇದು ಸಿಕ್ಕಿದ್ದು 2024ರಲ್ಲೇ ಮೊದಲು. ಹೆಸರು ಅಂಚೆ ಮತಪತ್ರ ಅಂತ ಇದ್ದರೂ ಪೋಸ್ಟಿನಲ್ಲಿ ಏನೂ ಬರುವುದಿಲ್ಲ, ಹೋಗುವುದೂ ಇಲ್ಲ. ಸಿಬ್ಬಂದಿಯೇ ತರುತ್ತಾರೆ, ಅವರೇ ತೆಗೆದುಕೊಂಡು ಹೋಗುತ್ತಾರೆ.

ಇದಕ್ಕೆ ಬೇಕಾದ ಅರ್ಜಿ ಫಾರ್ಮ್ 12ಡಿ. ಚುನಾವಣೆಯ ಅಧಿಸೂಚನೆ ಹೊರಟ ದಿನದಿಂದ ಐದು ದಿನದೊಳಗೆ ಅದು ಕ್ಷೇತ್ರದ ಚುನಾವಣಾಧಿಕಾರಿಗೆ ತಲುಪಬೇಕು. ಐದೇ ದಿನ! ಮುಂಬೈಯ ಲೋಕಸಭೆ ಹಂತಕ್ಕೆ ಅಧಿಸೂಚನೆ ಹೊರಟಿದ್ದು ಏಪ್ರಿಲ್ 26ಕ್ಕೆ. ಅಂದರೆ ಮೇ 1ಕ್ಕೇ ಬಾಗಿಲು ಮುಚ್ಚಿತ್ತು. ವೋಟಿಂಗಿಗೆ ಇನ್ನೂ ಮೂರು ವಾರ ಇದೆ ಅಂತ ನಾವು ನಿಶ್ಚಿಂತೆಯಿಂದ ಇದ್ದ ಹೊತ್ತು ಅದು.

ಆದರೆ ನಮ್ಮ ತೊಂದರೆ ಬರೀ ಅಷ್ಟೇ ಅಲ್ಲ. ಬಿಎಲ್‌ಒ, ಅಂದರೆ ನಮ್ಮ ಮತಗಟ್ಟೆಯ ಪಟ್ಟಿ ನೋಡಿಕೊಳ್ಳುವವರು, 85 ದಾಟಿದವರ ಮನೆಗೆ ತಾವೇ ಈ ಫಾರ್ಮ್ ತಂದುಕೊಡಬೇಕು. ಕೆಳಗಿನ ಮನೆಗೆ ತಂದವರು ಮೇಲಕ್ಕೆ ಯಾಕೆ ಹತ್ತಲಿಲ್ಲ? ಚುನಾವಣಾ ಆಯೋಗದ ಪೋರ್ಟಲಿನಲ್ಲಿ ಅಮ್ಮನ ಎಪಿಕ್ ನಂಬರ್, ಅಂದರೆ ವೋಟರ್ ಕಾರ್ಡಿನ ನಂಬರ್, ಹಾಕಿ ನೋಡಿದೆ. ಹೆಸರು ಸರಿ, ಗಂಡನ ಹೆಸರು ಸರಿ, ವಿಳಾಸ ಸರಿ. ವಯಸ್ಸು 77.

ಅಮ್ಮ ಹುಟ್ಟಿದ್ದು 1937ರಲ್ಲಿ. ಪಟ್ಟಿಯಲ್ಲಿ 1947 ಆಗಿತ್ತು. ಮೂರರ ಬದಲು ನಾಲ್ಕು. ಯಾವಾಗ ಆಯಿತೋ, ಯಾರು ಬರೆದುಕೊಳ್ಳುವಾಗ ಆಯಿತೋ, ಗೊತ್ತಿಲ್ಲ. ಆ ಕಾರ್ಡ್ ಹಿಡಿದುಕೊಂಡು ಅಮ್ಮ ಎಷ್ಟೋ ಚುನಾವಣೆಯಲ್ಲಿ ವೋಟು ಹಾಕಿದ್ದಾರೆ, ಯಾರೂ ಕೇಳಿರಲಿಲ್ಲ, ನಾವೂ ನೋಡಿರಲಿಲ್ಲ. ವಯಸ್ಸು ಹತ್ತು ಕಡಿಮೆ ಇದ್ದರೆ ಏನಾಗಬೇಕು ಅಲ್ವಾ? ಆದರೆ ಮನೆ ವೋಟಿಗೆ ಲೆಕ್ಕಕ್ಕೆ ಬರುವುದು ಮತದಾರರ ಪಟ್ಟಿಯಲ್ಲಿ ಇರುವ ವಯಸ್ಸು. ಬಿಎಲ್‌ಒ ಕೈಗೆ ಬರುವ ಹೆಸರುಗಳು ಅಲ್ಲಿಂದಲೇ ತೆಗೆದದ್ದು. ಆ ಹೆಸರುಗಳಲ್ಲಿ ಅಮ್ಮ ಇರಲೇ ಇಲ್ಲ.

ತಿದ್ದುಪಡಿಗೆ ಫಾರ್ಮ್ 8. ಮನೆ ಬದಲಾದರೂ ಅದೇ, ಕಾರ್ಡ್ ಕಳೆದರೂ ಅದೇ, ಪಟ್ಟಿಯಲ್ಲಿ ಅಂಗವೈಕಲ್ಯ ನಮೂದು ಮಾಡಿಸಲೂ ಅದೇ. 'ತಿದ್ದುಪಡಿ' ಅಂತ ಆರಿಸಿ, ಯಾವುದನ್ನು ತಿದ್ದಬೇಕೋ ಅದಕ್ಕೆ ಗುರುತು ಹಾಕಿ, ದಾಖಲೆ ಸೇರಿಸಬೇಕು. ಅಮ್ಮನಿಗೆ ಜನನ ಪ್ರಮಾಣಪತ್ರ ಎಲ್ಲಿಂದ ಬರಬೇಕು. ಹುಟ್ಟಿದ್ದು ಕುಂದಾಪುರದ ಹತ್ತಿರ, ಅಜ್ಜಿ ಮನೆಯಲ್ಲಿ. ಆಧಾರ್ ಕಾರ್ಡಿನಲ್ಲಿ ಬರೀ 1937 ಅಂತ ವರ್ಷ ಮಾತ್ರ ಇತ್ತು, ತಾರೀಕು ಇರಲಿಲ್ಲ. ಕೊನೆಗೆ ಅಪ್ಪ ಯಾವ ಕಾಲದಲ್ಲೋ ಮಾಡಿಸಿಟ್ಟಿದ್ದ ಅಮ್ಮನ ಪಾನ್ ಕಾರ್ಡ್ ಸಿಕ್ಕಿತು, ಅದರಲ್ಲಿ ಪೂರ್ತಿ ತಾರೀಕು ಇತ್ತು. ಕಪಾಟಿನಲ್ಲಿ ಪಿಂಚಣಿ ಪುಸ್ತಕದ ಒಳಗೆ, ಗಂಧದ ಕಡ್ಡಿಯ ವಾಸನೆ ಹಿಡಿದುಕೊಂಡು ಕೂತಿತ್ತು. ಅಪ್ಪ ಹೋಗಿ ಒಂಬತ್ತು ವರ್ಷವಾಗಿದೆ. ಆ ಕಾರ್ಡ್ ಕೈಗೆ ಬಂದಾಗ ಅಮ್ಮ ಅದನ್ನು ಸೆರಗಿನಿಂದ ಒರೆಸಿ ಒರೆಸಿ ನೋಡಿದರು.

ಆಗಸ್ಟಿನಲ್ಲಿ ಅರ್ಜಿ ಹಾಕಿದೆ. ಆಗ ಪಟ್ಟಿಯ ಪರಿಷ್ಕರಣೆ ನಡೆಯುತ್ತಿತ್ತು, ಒಳ್ಳೆಯದೇ ಆಯಿತು. ಒಂದು ಮಾತು ನೆನಪಿಡಿ, ಚುನಾವಣೆ ಘೋಷಣೆಯಾಗುವ ತನಕ ಕಾದು ಆಮೇಲೆ ತಿದ್ದುಪಡಿಗೆ ಹೊರಟರೆ ಆ ಚುನಾವಣೆಗೆ ಕೆಲಸ ಆಗುತ್ತದೆ ಅಂತ ನಂಬಬೇಡಿ. ಅರ್ಜಿ ಹಾಕಿದ ಕೂಡಲೇ ಒಂದು ರೆಫರೆನ್ಸ್ ನಂಬರ್ ಬರುತ್ತದೆ, ಅದರಲ್ಲಿ ಎಲ್ಲಿಯವರೆಗೆ ಬಂತು ಅಂತ ನೋಡಬಹುದು. ಹತ್ತು ದಿನಕ್ಕೆ ಬಿಎಲ್‌ಒ ಮನೆಗೆ ಬಂದರು. ಮುನಿಸಿಪಲ್ ಶಾಲೆಯ ಟೀಚರ್, ಶಾಲೆ ಮುಗಿಸಿ ಬಂದಿದ್ದರು, ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದರು. ಅಮ್ಮನ ಮುಖ ನೋಡಿ 'ಆಜಿ, ತುಮ್ಚ ವಯ್ ಕಿತೀ?' ಅಂತ ವಯಸ್ಸು ಕೇಳಿದರು. ಅಮ್ಮ ಮರಾಠಿಯಲ್ಲೇ 'ಸತ್ಯಾಐಂಶಿ', ಎಂಬತ್ತೇಳು, ಅಂದರು. 'ಪಟ್ಟಿಯಲ್ಲಿ ಹೀಗಿದ್ದದ್ದಕ್ಕೆ ನನಗೆ ಗೊತ್ತೇ ಆಗಲಿಲ್ಲ' ಅಂತ ಆ ಟೀಚರ್ ನಿಜವಾಗಿ ಬೇಜಾರು ಮಾಡಿಕೊಂಡರು. ತಮ್ಮ ಫೋನ್ ನಂಬರ್ ಕೊಟ್ಟು ಹೋದರು. ತಿಂಗಳ ಕೊನೆಗೆ ಪೋರ್ಟಲಿನಲ್ಲಿ 87 ಅಂತ ಬಂತು.

ಇದರ ನಡುವೆ ಒಂದು ವಿಷಯ. ನಾನು ಅಂಚೆ ವೋಟಿನ ಬಗ್ಗೆ ವಿಚಾರಿಸುತ್ತಿದ್ದೇನೆ ಅಂತ ಗೊತ್ತಾದದ್ದೇ ನಮ್ಮ ಕಡೆಯವರೆಲ್ಲ ಕೇಳತೊಡಗಿದರು. ಚಿಕ್ಕಪ್ಪನ ಮಗನ ಹೋಟೆಲಿನಲ್ಲಿ ಕೆಲಸ ಮಾಡುವ ಹುಡುಗರ ವೋಟು ಇನ್ನೂ ಊರಿನಲ್ಲೇ ಇದೆ. ಲೋಕಸಭೆಗೆ ಕುಂದಾಪುರದವರಿಗೆ ಏಪ್ರಿಲ್ 26ಕ್ಕೆ, ಪಕ್ಕದ ಬೈಂದೂರು ಶಿವಮೊಗ್ಗ ಕ್ಷೇತ್ರಕ್ಕೆ ಸೇರುವುದರಿಂದ ಅಲ್ಲಿಯವರಿಗೆ ಮೇ 7ಕ್ಕೆ. ಎರಡು ಸಲವೂ ಆಯಾ ಕಡೆಯ ಹುಡುಗರು ರಜೆ ಕೇಳಿ, ಮತ್ಸ್ಯಗಂಧ ರೈಲಿನಲ್ಲಿ ಸೀಟು ಸಿಗದೆ ಬಸ್ಸಿನಲ್ಲಿ ಹೋಗಿ ವೋಟು ಹಾಕಿ ಬಂದಿದ್ದರು. 'ಅಕ್ಕ, ನಮಗೂ ಇಲ್ಲಿಂದಲೇ ಹಾಕಲು ಆಗುತ್ತಾ?' ಅಂತ ಕೇಳಿದರು. ಆಗುವುದಿಲ್ಲ. ಕೆಲಸಕ್ಕೆ ಅಂತ ಬೇರೆ ಊರಿಗೆ ಬಂದವರಿಗೆ ಅಂಚೆ ಮತಪತ್ರ ಇಲ್ಲ. 72 ಕ್ಷೇತ್ರಗಳ ವೋಟನ್ನು ಒಂದೇ ಕಡೆ ಹಾಕಬಹುದಾದ ಯಂತ್ರವೊಂದನ್ನು ಆಯೋಗ ತಯಾರು ಮಾಡಿ 2023ರ ಜನವರಿಯಲ್ಲಿ ಪಕ್ಷಗಳನ್ನೆಲ್ಲ ಕರೆದಿತ್ತು, ತುಂಬ ಪಕ್ಷಗಳು ಒಪ್ಪಲಿಲ್ಲ, ಅದು ಅಲ್ಲಿಗೇ ನಿಂತಿತು. ನನಗೆ ಇದರ ಬಗ್ಗೆ ನಿಜಕ್ಕೂ ಬೇಸರ ಇದೆ. ಒಂದು ವೋಟಿಗಾಗಿ ಎರಡು ದಿನದ ಸಂಬಳ ಬಿಟ್ಟು, ಎರಡು ರಾತ್ರಿ ಬಸ್ಸಿನಲ್ಲಿ ಕೂತು ಹೋಗಿಬರುವ ಹುಡುಗರಿಗೆ ಏನಾದರೂ ದಾರಿ ಆಗಲೇಬೇಕು. ಈಗ ಇರುವ ದಾರಿ ಒಂದೇ, ಇಲ್ಲೇ ಖಾಯಂ ಇರುವವರಾದರೆ ಫಾರ್ಮ್ 8 ಹಾಕಿ ವೋಟನ್ನು ಮುಂಬೈಗೆ ತಂದುಕೊಳ್ಳುವುದು. ಎರಡೂ ಕಡೆ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ, ಆ ಆಸೆ ಬೇಡ.

ದುಬೈಯಲ್ಲಿರುವ ಅಣ್ಣನ ಮಗಳೂ ಕೇಳಿದಳು. ಅಲ್ಲಿಯ ಪೌರತ್ವ ತೆಗೆದುಕೊಳ್ಳದೆ ಇನ್ನೂ ಭಾರತದ ಪಾಸ್‌ಪೋರ್ಟ್ ಇರುವವರು ಫಾರ್ಮ್ 6ಎ ಹಾಕಿ ಪಟ್ಟಿಗೆ ಸೇರಬಹುದು. ಆದರೆ ವೋಟು ಹಾಕಲು ಇಲ್ಲಿಗೇ ಬರಬೇಕು, ಪಾಸ್‌ಪೋರ್ಟ್ ತೋರಿಸಬೇಕು. ಸೈನ್ಯದಲ್ಲಿ ಇರುವವರ ಕಥೆ ಬೇರೆ, ಅವರಿಗೆ ಮತಪತ್ರ ಇಂಟರ್ನೆಟ್ಟಿನಲ್ಲೇ ಬರುತ್ತದೆ, ಪ್ರಿಂಟ್ ತೆಗೆದು ಗುರುತು ಹಾಕಿ ಪೋಸ್ಟಿನಲ್ಲಿ ಕಳಿಸುತ್ತಾರೆ.

ಸರಿ, ನಮ್ಮ ಕಥೆಗೆ ಬರುತ್ತೇನೆ. ಅಕ್ಟೋಬರ್ 15ಕ್ಕೆ ಮಹಾರಾಷ್ಟ್ರ ವಿಧಾನಸಭೆ ಚುನಾವಣೆ ಘೋಷಣೆಯಾಯಿತು. ನವೆಂಬರ್ 20ಕ್ಕೆ ವೋಟಿಂಗ್. ಅಧಿಸೂಚನೆ ಅಕ್ಟೋಬರ್ 22ಕ್ಕೆ. ನಾನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ 22ರಿಂದ 27ರ ತನಕ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿಟ್ಟಿದ್ದೆ. ದೀಪಾವಳಿಯ ಮುಂಚಿನ ವಾರ, ಎಲ್ಲರ ಮನೆಯಲ್ಲೂ ಶುಚಿ ಕೆಲಸ, ಚಕ್ಕುಲಿ ಕರಿಯುವುದು, ಮರೆತುಹೋಗುವುದು ಎಷ್ಟು ಸುಲಭ. 24ಕ್ಕೆ ಟೀಚರ್ ತಾವೇ ಫಾರ್ಮ್ 12ಡಿ ಹಿಡಿದುಕೊಂಡು ಬಂದರು.

ಫಾರ್ಮ್ ಕಷ್ಟದ್ದಲ್ಲ. ಹೆಸರು, ವಿಳಾಸ, ಎಪಿಕ್ ನಂಬರ್, ಪಟ್ಟಿಯ ಭಾಗ ಸಂಖ್ಯೆ, ಅದರಲ್ಲಿ ಕ್ರಮ ಸಂಖ್ಯೆ, ಮೊಬೈಲ್ ನಂಬರ್, ಯಾವ ಕಾರಣಕ್ಕೆ ಕೇಳುತ್ತಿದ್ದೀರಿ ಅನ್ನುವುದು. ಭಾಗ ಮತ್ತು ಕ್ರಮ ಸಂಖ್ಯೆ ಪೋರ್ಟಲಿನಲ್ಲಿ ಸಿಗುತ್ತದೆ, ಮೊದಲೇ ಬರೆದಿಟ್ಟುಕೊಳ್ಳಿ. ಅಂಗವೈಕಲ್ಯದ ಕಾರಣವಾದರೆ ಪ್ರಮಾಣಪತ್ರದ ನಕಲು ಜೊತೆಗೆ ಬೇಕು. ಮೊಬೈಲ್ ನಂಬರ್ ಮಾತ್ರ ಮನೆಯಲ್ಲೇ ಇರುವವರದ್ದು ಕೊಡಿ, ಸಿಬ್ಬಂದಿ ಬರುವ ದಿನ ಅದಕ್ಕೇ ತಿಳಿಸುತ್ತಾರೆ.

ಟೀಚರ್ ಒಂದು ವಿಷಯವನ್ನು ಎರಡು ಸಲ ಹೇಳಿದರು. ಈ ಅರ್ಜಿ ಕೊಟ್ಟು ಒಪ್ಪಿಗೆಯಾದರೆ ಪಟ್ಟಿಯಲ್ಲಿ ಹೆಸರಿನ ಮುಂದೆ 'ಪಿಬಿ', ಅಂದರೆ ಪೋಸ್ಟಲ್ ಬ್ಯಾಲೆಟ್, ಅಂತ ಗುರುತು ಬೀಳುತ್ತದೆ. ಆಮೇಲೆ ಮನಸ್ಸು ಬದಲಾಯಿಸಿ ಮತಗಟ್ಟೆಗೆ ಹೋದರೆ ಅಲ್ಲಿ ವೋಟು ಹಾಕಲು ಬಿಡುವುದಿಲ್ಲ. ಮನೆಗೂ ಎರಡು ಸಲ ಮಾತ್ರ ಬರುತ್ತಾರೆ. ಎರಡು ಸಲವೂ ಮನೆಯಲ್ಲಿ ಇಲ್ಲದಿದ್ದರೆ ಆ ಚುನಾವಣೆಯ ವೋಟು ಹೋಯಿತು. ತಮ್ಮನಿಗೆ ಇದು ಅಷ್ಟು ಹಿಡಿಸಲಿಲ್ಲ. 'ಅವತ್ತು ಕಾಲು ಚೆನ್ನಾಗಿದ್ದರೆ ಬೂತಿಗೇ ಹೋಗಬಹುದಿತ್ತು' ಅಂದ. ಅಮ್ಮ ಅವನ ಮಾತು ಮುಗಿಯುವ ಮೊದಲೇ ಪೆನ್ನು ಕೇಳಿದರು. ಕನ್ನಡದಲ್ಲಿ ಸಹಿ ಹಾಕಿದರು. ಇದಕ್ಕೆ ಯಾರೂ ಒತ್ತಾಯ ಮಾಡುವ ಹಾಗಿಲ್ಲ, ಬೂತಿಗೇ ಹೋಗುತ್ತೇನೆ ಅನ್ನುವ 90ರವರೂ ಇರುತ್ತಾರೆ, ಅವರಿಷ್ಟ.

ನವೆಂಬರ್ ಎರಡನೇ ವಾರ ಫೋನ್ ಬಂತು, ನಾಡಿದ್ದು ಬೆಳಿಗ್ಗೆ ಬರುತ್ತೇವೆ ಅಂತ. ಅವತ್ತು ಹತ್ತೂವರೆಗೆ ಮೆಟ್ಟಿಲ ಮೇಲೆ ಕಾಲಿನ ಸದ್ದು. ಇಬ್ಬರು ಮತದಾನ ಸಿಬ್ಬಂದಿ, ಎಲ್ಲ ಸರಿಯಾಗಿ ನಡೆಯುತ್ತಾ ಅಂತ ನೋಡುವ ಒಬ್ಬರು ಮೈಕ್ರೋ ಅಬ್ಸರ್ವರ್, ಒಬ್ಬರು ಪೊಲೀಸ್, ವಿಡಿಯೋ ಕ್ಯಾಮೆರಾ ಹಿಡಿದ ಒಬ್ಬ ಹುಡುಗ. ಅಭ್ಯರ್ಥಿಗಳಿಗೂ ಈ ದಿನ, ಮನೆಗಳ ಪಟ್ಟಿ ಮೊದಲೇ ಕೊಟ್ಟಿರುತ್ತಾರಂತೆ, ಅವರ ಕಡೆಯವರು ಬಂದು ನೋಡಬಹುದು. ನಮ್ಮಲ್ಲಿಗೆ ಒಬ್ಬರು ಬಂದು ಬಾಗಿಲ ಹೊರಗೇ ನಿಂತಿದ್ದರು. ನಮ್ಮ ಪುಟ್ಟ ಹಾಲಿನಲ್ಲಿ ಅಷ್ಟು ಜನ ಸೇರಿದಾಗ ಅಮ್ಮ ಒಂದು ಕ್ಷಣ ಗಾಬರಿಯಾದರು. ಆಮೇಲೆ ಸೆರಗು ಸರಿ ಮಾಡಿಕೊಂಡು ಕೂತರು. ಕಾಫಿ ಕೊಡುತ್ತೇನೆ ಅಂದೆ, ಯಾರೂ ತೆಗೆದುಕೊಳ್ಳಲಿಲ್ಲ. ನೀರು ಕುಡಿದರು.

ಗುರುತಿನ ಚೀಟಿ ನೋಡಿದರು. ಊಟದ ಮೇಜಿನ ಮೇಲೆ ರಟ್ಟಿನ ಮರೆ ಇಟ್ಟರು. ಆಮೇಲೆ ಕಾಗದಗಳನ್ನು ಒಂದೊಂದಾಗಿ ತೋರಿಸಿದರು. ಒಂದು ಮತಪತ್ರ. ಮತದಾರರ ಘೋಷಣಾ ಪತ್ರ ಒಂದು, ಅದು ಫಾರ್ಮ್ 13ಎ. ಚಿಕ್ಕ ಕವರ್ 13ಬಿ, ದೊಡ್ಡ ಕವರ್ 13ಸಿ. ಘೋಷಣೆಯಲ್ಲಿ ಮತಪತ್ರದ ನಂಬರ್ ಬರೆದು ಅಮ್ಮ ಸಹಿ ಹಾಕಬೇಕು, ಅದಕ್ಕೆ ಬಂದಿರುವ ಅಧಿಕಾರಿ ದೃಢೀಕರಣದ ಸಹಿ ಹಾಕುತ್ತಾರೆ. ಮತಪತ್ರ ಚಿಕ್ಕ ಕವರಿನೊಳಗೆ, ಅದನ್ನು ಅಂಟಿಸಿ, ಘೋಷಣೆಯ ಜೊತೆ ದೊಡ್ಡ ಕವರಿಗೆ.

ಹಿರಿಯ ಅಧಿಕಾರಿ ಒಬ್ಬ ಹೆಣ್ಣುಮಗಳು. ಅವರು ಅಮ್ಮನ ಹತ್ತಿರ ಕುರ್ಚಿ ಎಳೆದುಕೊಂಡು ನಿಧಾನವಾಗಿ ಹೇಳಿದರು. 'ಆಜಿ, ಸಹಿ ಈ ಕಾಗದದ ಮೇಲೆ ಮಾತ್ರ. ಮತಪತ್ರದ ಮೇಲೆ ಸಹಿ ಹಾಕಬೇಡಿ, ಹೆಸರು ಬರೆಯಬೇಡಿ. ನಿಮಗೆ ಬೇಕಾದವರ ಎದುರಿಗೆ ಒಂದೇ ಒಂದು ಗುರುತು.' ಮತಪತ್ರ ಯಾರದ್ದು ಅಂತ ಗೊತ್ತಾಗುವಂಥ ಏನಾದರೂ ಬರಹ ಇದ್ದರೆ ಎಣಿಕೆಯಲ್ಲಿ ಅದನ್ನು ತಿರಸ್ಕರಿಸುತ್ತಾರೆ. ಎರಡು ಕಡೆ ಗುರುತು ಹಾಕಿದರೂ ಹೋಯಿತು. ಘೋಷಣೆಯಲ್ಲಿ ಸಹಿ ಇಲ್ಲದಿದ್ದರೆ, ನಂಬರ್ ತಾಳೆಯಾಗದಿದ್ದರೆ ಒಳಗಿನ ಕವರ್ ತೆರೆಯುವುದೇ ಇಲ್ಲ. ನಮ್ಮ ಅಮ್ಮನಿಗೆ ಅವರು ಇದನ್ನು ಹೇಳಿದ್ದು ಎಷ್ಟು ಒಳ್ಳೆಯದಾಯಿತು ಅಂದರೆ, ಬ್ಯಾಂಕ್ ಇರಲಿ, ಕೊರಿಯರ್ ಇರಲಿ, ಪೆನ್ನು ಕೈಗೆ ಕೊಟ್ಟರೆ ಸಾಕು, ಅಮ್ಮನ ಕೈ ತಾನಾಗಿ ಕೆಳಗಿನ ಬಲಮೂಲೆಗೆ ಹೋಗಿ ಸಹಿ ಹಾಕಿಬಿಡುತ್ತದೆ.

'ಕಣ್ಣು ಕಾಣಿಸುತ್ತಾ, ಓದಲು ಬರುತ್ತಾ?' ಅಂತ ಕೇಳಿದರು. ಕಾಣಿಸದಿದ್ದರೆ, ಕೈ ನಡೆಯದಿದ್ದರೆ, ದೊಡ್ಡವರೊಬ್ಬರ ಸಹಾಯ ತೆಗೆದುಕೊಳ್ಳಬಹುದು. ನಾನು ಮುಂದೆ ಬಂದೆ. ಅಮ್ಮ ಕೈ ಅಡ್ಡ ಹಿಡಿದರು. 'ಕಾಣ್ತದೆ. ನೀ ಒಳಗ್ ಹೋಗು' ಅಂದರು. ಅಧಿಕಾರಿಯೂ ಹಾಗೇ ಹೇಳಿದರು. ಕ್ಯಾಮೆರಾದ ಹುಡುಗನಿಗೆ ಮರೆಯ ಹಿಂದೆ ತಿರುಗಿಸಬೇಡ ಅಂದರು. ನಾನು ಅಡುಗೆಮನೆಗೆ ಹೋಗಿ ನಿಂತೆ.

ಅಮ್ಮ ಶಾಲೆಗೆ ಹೋದದ್ದು ಐದನೇ ಕ್ಲಾಸಿನ ತನಕ, ಕನ್ನಡದಲ್ಲಿ. ದಿನಾ ಓದುವುದು ಕನ್ನಡ ಪೇಪರ್. ದೇವನಾಗರಿ ಅವರಿಗೆ ಯಾರೂ ಕಲಿಸಲಿಲ್ಲ. 1964ರಲ್ಲಿ ಅಪ್ಪನ ಜೊತೆ ಮುಂಬೈಗೆ ಬಂದ ಮೇಲೆ ಇಲ್ಲಿಯ ಸಿಟಿ ಬಸ್ಸು 'ಬೆಸ್ಟ್'ನ ಮುಂದಿನ ನಂಬರ್ ನೋಡಿ ನೋಡಿ ಮರಾಠಿ ಅಂಕಿ ಕಲಿತರು, ಲೋಕಲ್ ಸ್ಟೇಷನ್ನುಗಳ ಬೋರ್ಡು ನೋಡಿ ಅಕ್ಷರ ಕಲಿತರು. ದಾದರ್, ಮಾಟುಂಗಾ, ಮಾಹಿಮ್. ಅಡುಗೆಮನೆಯ ಬಾಗಿಲ ಸಂದಿಯಿಂದ ನನಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ತಲೆ ನಿಧಾನವಾಗಿ ಮೇಲಿನಿಂದ ಕೆಳಗೆ ಬರುತ್ತಿತ್ತು, ಮತ್ತೆ ಮೇಲಕ್ಕೆ ಹೋಗುತ್ತಿತ್ತು. ಒಂದೊಂದು ಹೆಸರನ್ನೂ ಬೆರಳಿಟ್ಟು ಓದುತ್ತಿದ್ದಾರೆ ಅಂತ ಗೊತ್ತಾಯಿತು. ಅಭ್ಯರ್ಥಿಗಳ ಫೋಟೋ ಇರುತ್ತದೆ, ಅದು ದೊಡ್ಡ ಉಪಕಾರ. ಹತ್ತು ನಿಮಿಷವೇ ಆಗಿರಬೇಕು. ಯಾರೂ ಅವಸರ ಮಾಡಲಿಲ್ಲ. ಪೊಲೀಸಿನವರು ಫ್ಯಾನಿನ ಕೆಳಗೆ ಸುಮ್ನೆ ನಿಂತಿದ್ದರು. ಆ ಹತ್ತು ನಿಮಿಷಕ್ಕಾಗಿ ನಾನು ಆ ಐದು ಜನರನ್ನು ಮರೆಯುವುದಿಲ್ಲ.

ಅಂಟನ್ನು ತಾನೇ ಹಚ್ಚುತ್ತೇನೆ ಅಂದರು ಅಮ್ಮ. ಬೆರಳಿನಿಂದ ಕವರಿನ ಅಂಚನ್ನು ಮೂರು ಸಲ ಒತ್ತಿದರು, ಹಪ್ಪಳದ ಅಂಚು ಒತ್ತುವ ಹಾಗೆ. ಡಬ್ಬಿಯೊಳಗೂ ತಾನೇ ಹಾಕಿದರು.

ಅವರೆಲ್ಲ ಹೋದ ಮೇಲೆ ಅಮ್ಮ ಹೇಳಿದ್ದು 1962ರ ಕಥೆ. ಆಗೆಲ್ಲ ವೋಟಿನ ವಯಸ್ಸು 21. ಅಮ್ಮನಿಗೆ 25, ಅದು ಮೊದಲ ವೋಟು. ಊರಿನ ಶಾಲೆಯಲ್ಲಿ ಕಾಗದದ ಮೇಲೆ ಮುದ್ರೆ ಒತ್ತಿ ಮಡಚಿ ಹಾಕಿದ್ದು. ಅದಕ್ಕೂ ಹಿಂದಿನ ಎರಡು ಚುನಾವಣೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಡಬ್ಬಿ ಇರುತ್ತಿತ್ತು, ಅಜ್ಜಿ ಹಾಗೆ ಹಾಕಿದ್ದನ್ನು ಅಮ್ಮ ಕೇಳಿ ತಿಳಿದಿದ್ದರು. ಮುಂಬೈಯಲ್ಲಿ ಇಷ್ಟು ವರ್ಷ ಬಟನ್ ಒತ್ತಿ ಅಭ್ಯಾಸ. 'ಕಡೆಗೆ ಪುನಃ ಕಾಗದಕ್ಕೇ ಬಂತು' ಅಂದರು. ಕೈಗೆ ಅಂಟಿದ್ದ ಗೋಂದನ್ನು ಉಜ್ಜುತ್ತಾ ತುಂಬ ಹೊತ್ತು ಊರಿನ ಮಾತಾಡಿದರು.

ನೆನಪಿಡಬೇಕಾದ್ದು ಇನ್ನೊಂದಿದೆ. 12ಡಿ ಒಂದು ಚುನಾವಣೆಗೆ ಮಾತ್ರ. ಒಮ್ಮೆ ಕೊಟ್ಟರೆ ಮುಂದಕ್ಕೂ ನಡೆಯುತ್ತದೆ ಅಂದುಕೊಳ್ಳಬೇಡಿ, ಪ್ರತಿ ಸಲ ಹೊಸದಾಗಿ ಕೊಡಬೇಕು. ಅನುಮಾನ ಇದ್ದರೆ ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿ. ಅದಕ್ಕೂ ಮೊದಲು, ಇವತ್ತೇ, ನಿಮ್ಮ ಮನೆಯ ಹಿರಿಯರ ಎಪಿಕ್ ನಂಬರ್ ಹಾಕಿ ಪಟ್ಟಿಯಲ್ಲಿ ವಯಸ್ಸು ಎಷ್ಟಿದೆ ನೋಡಿ. ಎರಡು ನಿಮಿಷದ ಕೆಲಸ. ನಾನು ನೋಡದೆ ಇದ್ದದ್ದಕ್ಕೆ ಅಮ್ಮನ ಒಂದು ವೋಟು ಹೋಯಿತು.

ನವೆಂಬರ್ 23, ಶನಿವಾರ ಎಣಿಕೆ. ಎಂಟು ಗಂಟೆಗೆ ಮೊದಲು ಎಣಿಸುವುದು ಅಂಚೆ ಮತಪತ್ರ, ಎಂಟೂವರೆಗೆ ಯಂತ್ರದ್ದು ಶುರು ಅಂತ ನಾನು ಹೇಳಿದ್ದೆ. ಅಮ್ಮ ಏಳೂ ಮುಕ್ಕಾಲಕ್ಕೇ ಟಿವಿ ಹಾಕಿಸಿಕೊಂಡು ಎದುರಿಗೆ ಕುರ್ಚಿ ಎಳೆದು ಕೂತರು, ಕನ್ನಡಕ ಒರೆಸಿ ಹಾಕಿಕೊಂಡರು. ಎಂಟು ಹೊಡೆದಾಗ ಕೈ ಎತ್ತಿ ನಮ್ಮನ್ನೆಲ್ಲ ಸುಮ್ಮನಿರಿಸಿದರು.

'ಈಗ ನಂದು ತೆಗೀತಾರೆ' ಅಂದರು.